ಬೆಳವದ ಬಣ್ಣ: ಕಣ್ಣು ಕಂಡದ್ದು, ಮರಿ ಹೇಳಿದ್ದು

ಕಾಸರಗೋಡು ಪೇಟೆಯಿಂದ ಚೆರ್ಕಳದ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ವಿದ್ಯಾನಗರದ ಆಚೆಗೇ ನಾಯ್ಮಾರ್ಮೂಲೆ. ಇಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಟೆರೇಸಿನ ಮೇಲೆ ಬಲೆಗೂಡು ಕಟ್ಟಿ ಹಕ್ಕಿ ಸಾಕುವ ಹುಡುಗರಿದ್ದಾರೆ. ಹುಡುಗರಾಗಿದ್ದಾಗ ಹಿಡಿದ ಗೀಳನ್ನು ಇನ್ನೂ ಬಿಡದ ದೊಡ್ಡವರೂ ಇದ್ದಾರೆ. ಲವ್‌ಬರ್ಡ್ಸ್, ಪಾರಿವಾಳಗಳ ಜೊತೆಗೆ ಒಂದೆರಡು ಜೋಡಿ ಬೆಳವ. ಮನೆಯಲ್ಲಿ ಮಲಯಾಳ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇರುವ ನಮ್ಮ ಕಡೆ ಯಾವ ಭಾಷೆಯಲ್ಲಿ ಮಾತಾಡಿದರೂ ಬೆಳವ ಸಾಕುವವರ ಪ್ರಶ್ನೆ ಒಂದೇ: ‘ಇದು ಅಪರೂಪದ ಬಣ್ಣವಾ?’

ಈ ಪ್ರಶ್ನೆಗೆ ಉತ್ತರ ಬಹಳ ಬೇಗ ಸಿಕ್ಕಿಬಿಡುತ್ತದೆ. ಫೋಟೋ ನೋಡಿದವರು ಒಂದು ಹೆಸರು ಹೇಳುತ್ತಾರೆ, ಅಂಗಡಿಯವರು ಇನ್ನೊಂದು ಹೆಸರು, ಅದರ ಜೊತೆಗೊಂದು ಬೆಲೆ. ಬೆಳವದ ಬಣ್ಣ ಅಷ್ಟು ಬೇಗ ಉತ್ತರ ಕೊಡುವ ವಿಷಯವಲ್ಲ. ಒಂದು ಹಕ್ಕಿ ನಿಜವಾಗಿ ಯಾವ ಬಣ್ಣದ ತಳಿ ಎಂಬುದನ್ನು ಆ ಹಕ್ಕಿಗಿಂತ ಹೆಚ್ಚಾಗಿ ಅದರ ಮರಿಗಳು ಹೇಳುತ್ತವೆ. ಇದನ್ನು ಅರಿಯದೆ ದುಡ್ಡು ಕಳೆದುಕೊಳ್ಳುವವರಿಗಿಂತ, ಇದನ್ನು ಅರಿಯದವರ ಕೈಗೆ ಸಿಕ್ಕಿ ನರಳುವ ಹಕ್ಕಿಗಳ ಬಗ್ಗೆ ನನಗೆ ಹೆಚ್ಚು ಕಾಳಜಿ.

ಇಲ್ಲಿ ಮಾತಾಡುತ್ತಿರುವುದು ಅಂಗಡಿಗಳಲ್ಲಿ ರಿಂಗ್‌ನೆಕ್ ಡವ್ ಎಂದು ಮಾರುವ ಹಕ್ಕಿಯ ಬಗ್ಗೆ. ಕತ್ತಿನ ಹಿಂಭಾಗದಲ್ಲಿ ಕಪ್ಪು ಅರ್ಧ ಉಂಗುರ, ಹೆಚ್ಚಾಗಿ ಕೆನೆಬಣ್ಣದ ಮೈ, ಪಾರಿವಾಳಕ್ಕಿಂತ ಸಣ್ಣ ಗಾತ್ರ. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ರೈಸೋರಿಯಾ ಎಂದು ಹೆಸರಿಟ್ಟ; ಗಂಡು ಖುಷಿಯಲ್ಲಿ ಹೊರಡಿಸುವ ನಗುವಿನಂಥ ಸದ್ದೇ ಅದಕ್ಕೆ ಕಾರಣ. ಸಹಾರಾದ ದಕ್ಷಿಣ ಅಂಚಿನಿಂದ ಅರೇಬಿಯಾದ ನೈಋತ್ಯ ಮೂಲೆಯವರೆಗೆ ಬದುಕುವ ಆಫ್ರಿಕದ ಕಾಡುಬೆಳವವೇ ಇದರ ಮೂಲ.

ತಪ್ಪು ಕಲ್ಪನೆ: ತಂತಿಯ ಮೇಲೆ ಕೂರುವ ಬೆಳವವೂ ಗೂಡಿನ ಬೆಳವವೂ ಒಂದೇ ಜಾತಿ, ಬಣ್ಣ ಮಾತ್ರ ಬೇರೆ

ವಾಸ್ತವ: ಬಣ್ಣದ ತಳಿ ಗುರುತಿಸುವ ಮೊದಲು ಜಾತಿ ಗುರುತಿಸಬೇಕು. ನಮ್ಮ ತೆಂಗಿನ ತೋಟಗಳಲ್ಲಿ, ಕರೆಂಟಿನ ತಂತಿಗಳ ಮೇಲೆ ದಿನವೂ ಕಾಣುವುದು ಚುಕ್ಕೆ ಬೆಳವ, ಮಲಯಾಳದಲ್ಲಿ ಅರಿಪ್ರಾವ್. ಅದರ ಕತ್ತಿನ ಹಿಂದೆ ಇರುವುದು ಉಂಗುರವಲ್ಲ, ಬಿಳಿ ಚುಕ್ಕೆಗಳಿರುವ ಅಗಲವಾದ ಕಪ್ಪು ಪಟ್ಟಿ. ರೆಕ್ಕೆಯಲ್ಲೂ ಚುಕ್ಕೆಗಳು. ಅಡಕೆ ತೋಟದ ನೆರಳಿನಲ್ಲಿ ನೆಲದ ಮೇಲೆ ಓಡಾಡುವ, ಹಸಿರು ರೆಕ್ಕೆಯ, ಹವಳದ ಬಣ್ಣದ ಕೊಕ್ಕಿನ ಹಕ್ಕಿ ಇನ್ನೊಂದು; ಮಲಯಾಳದಲ್ಲಿ ಅದು ಓಮನಪ್ರಾವ್. ತಮಿಳುನಾಡಿನ ರಾಜ್ಯಪಕ್ಷಿ ಅದೇ. ಈ ಎರಡೂ ಕಾಡಿನವು. ‘ಪಚ್ಚೆ ಬಣ್ಣದ ಅಪರೂಪದ ಡವ್’ ಎಂದು ಯಾರಾದರೂ ಓಮನಪ್ರಾವನ್ನು ಮಾರಲು ತಂದರೆ ಅದು ತಳಿಯಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ. ಚುಕ್ಕೆ ಬೆಳವದ ಮರಿಯನ್ನು ಗೂಡಿನಿಂದ ಇಳಿಸಿ ಸಾಕುವುದೂ ಹಾಗೆಯೇ.

ಕಷ್ಟವಾಗುವುದು ಬಯಲುಸೀಮೆಯ ಉಂಗುರ ಬೆಳವದ ವಿಷಯದಲ್ಲಿ. ಅದಕ್ಕೂ ಕತ್ತಿನ ಹಿಂದೆ ಕಪ್ಪು ಅರ್ಧ ಉಂಗುರವಿದೆ, ಮೈಬಣ್ಣವೂ ಸಾಕುಬೆಳವದ ಕಡುಬಣ್ಣಕ್ಕೆ ಹತ್ತಿರ. ಗಲ್ಫಿನಲ್ಲಿ ದುಡಿದು ಬಂದವರು ‘ದುಬೈಯಲ್ಲಿ ನಮ್ಮ ಬಾಲ್ಕನಿಯಲ್ಲಿ ಗೂಡು ಕಟ್ಟಿದ್ದು ಇದೇ’ ಎನ್ನುವುದುಂಟು. ಅಲ್ಲಿ ಬಾಲ್ಕನಿಗೆ ಬರುವುದು ಬಹುಪಾಲು ಈ ಉಂಗುರ ಬೆಳವ, ಇಲ್ಲವೇ ಅದಕ್ಕಿಂತ ಸಣ್ಣದಾದ ಕಂದು ಬೆಳವ. ಸಾಕುಬೆಳವವನ್ನು ಉಂಗುರ ಬೆಳವದಿಂದ ಬೇರ್ಪಡಿಸಲು ಮೈಬಣ್ಣ ಬಿಟ್ಟು ಮೂರು ಕಡೆ ನೋಡಬೇಕು. ಬಾಲದ ಬುಡದ ಕೆಳಭಾಗ ಉಂಗುರ ಬೆಳವದಲ್ಲಿ ಬೂದು, ಸಾಕುಬೆಳವದಲ್ಲಿ ಬಿಳಿ. ಬಾಲದ ತೀರ ಹೊರಗಿನ ಗರಿಯ ಹೊರ ಅಂಚಿಗೆ ಉಂಗುರ ಬೆಳವದಲ್ಲಿ ಕಪ್ಪು ಹರಡಿರುತ್ತದೆ, ಸಾಕುಬೆಳವದಲ್ಲಿ ಅದು ಬಿಳಿ. ಇನ್ನು ಕೂಗು: ಉಂಗುರ ಬೆಳವದ್ದು ಮೂರು ತುಂಡಿನದು, ನಡುವಿನ ತುಂಡಿಗೆ ಒತ್ತು, ಸಾಕುಬೆಳವ ಒಮ್ಮೆ ‘ಕೂ’ ಎಂದು ತಡೆದು, ಆಮೇಲೆ ಗಂಟಲಿನಲ್ಲಿ ಉರುಳಿಸುತ್ತ ‘ಕರ್ರ್‌ರೂ’ ಎನ್ನುತ್ತದೆ. ಈ ಮೂರರಲ್ಲಿ ಕೂಗನ್ನೇ ನಾನು ಹೆಚ್ಚು ನಂಬುತ್ತೇನೆ, ಗರಿ ಮಾಸಿದರೂ ಮುರಿದರೂ ಕೂಗು ಬದಲಾಗುವುದಿಲ್ಲ.

ಈ ತಪ್ಪು ಬಲ್ಲವರಿಂದಲೂ ಆಗಿದೆ. 1970ರ ದಶಕದ ನಡುವಿನಲ್ಲಿ ಬಹಾಮಾಸ್ ದ್ವೀಪಸಮೂಹದ ಒಬ್ಬ ಹಕ್ಕಿ ಸಾಕಣೆದಾರನ ಗೂಡಿನಿಂದ ಉಂಗುರ ಬೆಳವಗಳು ತಪ್ಪಿಸಿಕೊಂಡು ಹೊರಬಿದ್ದವು. ಅವುಗಳ ಸಂತಾನ ಸಮುದ್ರ ದಾಟಿ ಅಮೆರಿಕದ ಫ್ಲಾರಿಡಾ ಸೇರಿತು. ಅಲ್ಲಿನ ಪಕ್ಷಿವೀಕ್ಷಕರು ಅವನ್ನು ಯಾರದೋ ಮನೆಯಿಂದ ಹಾರಿಹೋದ ಸಾಕುಬೆಳವ ಎಂದೇ ಬರೆದುಕೊಳ್ಳುತ್ತ ಬಂದರು. ಇವು ಬೇರೆಯೇ ಜಾತಿ ಎಂದು ವಿಲಿಯಂ ಸ್ಮಿತ್ ಎಂಬವರು ಸ್ಪಷ್ಟವಾಗಿ ಬರೆದದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಅವು ಅಲ್ಲಿ ನೆಲೆಯೂರಿಯಾಗಿತ್ತು. ಬಾಲದ ಬುಡವನ್ನೂ ಕೂಗನ್ನೂ ಗಮನಿಸದೆ ಬಣ್ಣವೊಂದನ್ನೇ ನೋಡಿದ್ದರಿಂದ ಒಂದು ಖಂಡಕ್ಕೆ ಹೊಸ ಹಕ್ಕಿ ಬಂದದ್ದು ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ.

ತಪ್ಪು ಕಲ್ಪನೆ: ಬಿಳಿ ಬೆಳವ ಎಂದರೆ ಆಲ್ಬಿನೋ

ವಾಸ್ತವ: ಅಂಗಡಿಯಲ್ಲಿ ಸಿಗುವ ಬಿಳಿ ಬೆಳವಗಳಲ್ಲಿ ಹೆಚ್ಚಿನವು ಆಲ್ಬಿನೋ ಅಲ್ಲ. ಬಿಳಿ ಎಂಬುದು ಈ ಹಕ್ಕಿಯಲ್ಲಿ ಬಹಳ ಹಳೆಯ, ಬಹಳ ಸಾಮಾನ್ಯವಾದ ಬಣ್ಣ. ಜಾದೂಗಾರರು ಟೋಪಿಯಿಂದ ತೆಗೆಯುವ ಹಕ್ಕಿ ಇದೇ. ಇದರ ಗರಿಗೆ ಬಣ್ಣ ಇಳಿಯದಿದ್ದರೂ ಕಣ್ಣಿನಲ್ಲಿ ವರ್ಣದ್ರವ್ಯ ಉಳಿದಿರುತ್ತದೆ, ಆದ್ದರಿಂದ ಪಾಪೆ ಕಡುಬಣ್ಣದ್ದಾಗಿ ಕಾಣುತ್ತದೆ. ಆಲ್ಬಿನೋ ಹಕ್ಕಿಯಲ್ಲಿ ಕಣ್ಣಿನಲ್ಲೂ ವರ್ಣದ್ರವ್ಯವಿಲ್ಲ; ಒಳಗಿನ ರಕ್ತನಾಳಗಳ ಕೆಂಪು ಪಾಪೆಯ ಮೂಲಕ ತೋರುತ್ತದೆ. ಅಂಥ ಹಕ್ಕಿ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತದೆ, ಕಾಳು ಹೆಕ್ಕುವಾಗ ಗುರಿ ತಪ್ಪುವುದೂ ಇದೆ.

ಮೊಟ್ಟೆಯೊಡೆದ ವಾರದೊಳಗೆ ತೀರ್ಮಾನಕ್ಕೆ ಬರಬೇಡಿ. ಕಣ್ಣಿನ ಬಣ್ಣ ಬೆಳೆಯುತ್ತ ಬೆಳೆಯುತ್ತ ಬಲಿಯುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಯಾವ ಹಕ್ಕಿಯ ಕಣ್ಣೂ ಕೆಂಪಾಗಿ ಬರಬಹುದು. ಬೆಳೆದ ಹಕ್ಕಿಯನ್ನು ಹಗಲು ಬೆಳಕಿನಲ್ಲಿ, ನೆರಳಿರುವ ಕಡೆ ಹಿಡಿದು, ಪಾಪೆಯನ್ನೇ ನೋಡಬೇಕು.

ತಪ್ಪು ಕಲ್ಪನೆ: ಕೆನೆಬಣ್ಣದ ಜೋಡಿಗೆ ಬಿಳಿ ಮರಿ ಹುಟ್ಟಿದರೆ ಅದು ಹೊಸ ತಳಿ

ವಾಸ್ತವ: ಇದು ಹೊಸತಲ್ಲ, ಲೆಕ್ಕಕ್ಕೆ ಸರಿಯಾಗಿ ನಡೆಯುವ ಸಂಗತಿ. ಬೆಳವ ಸಾಕುವವರು ಈ ಒಂದು ಲೆಕ್ಕವನ್ನು ಕಲಿತರೆ ಅರ್ಧ ಗೊಂದಲ ಕರಗುತ್ತದೆ ಎಂಬುದು ನನ್ನ ದೃಢ ನಂಬಿಕೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಾಕುಬೆಳವದಲ್ಲಿ ಮೂರು ಮೂಲ ಬಣ್ಣಗಳಿವೆ. ಕಾಡಿನ ಪೂರ್ವಜರ ಬೂದುಗಂದು ಕಡುಬಣ್ಣ, ಕೆನೆಬಣ್ಣ, ಇದನ್ನೇ ಕೆಲವರು ಬ್ಲಾಂಡ್ ಎಂದೂ ಕೆಲವರು ಫಾನ್ ಎಂದೂ ಕರೆಯುತ್ತಾರೆ, ಮತ್ತು ಬಿಳಿ. ಈ ಮೂರೂ ಒಂದೇ ಜೀನಿನ ಮೂರು ರೂಪಗಳು. ಕಡುಬಣ್ಣ ಕೆನೆಯನ್ನು ಮುಚ್ಚುತ್ತದೆ, ಕೆನೆ ಬಿಳಿಯನ್ನು ಮುಚ್ಚುತ್ತದೆ. ಕಳೆದ ಶತಮಾನದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಿಯಾನ್ ಕೋಲ್, ಆಮೇಲೆ ಅಯೋವಾದ ವಿಲ್ಮರ್ ಮಿಲ್ಲರ್ ಮೊದಲಾದವರು ಜೋಡಿ ಹಾಕಿ, ಮರಿ ಎಣಿಸಿ ಇದನ್ನು ಬಿಡಿಸಿಟ್ಟರು.

ಈ ಜೀನು ಇರುವುದು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆ. ಮನುಷ್ಯರಲ್ಲಿ ಗಂಡಿಗೆ ಎರಡು ಬೇರೆ ಬೇರೆ ಲಿಂಗ ವರ್ಣತಂತುಗಳು; ಹಕ್ಕಿಗಳಲ್ಲಿ ಅದು ತಿರುಗುಮುರುಗು. ಗಂಡು ಹಕ್ಕಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ಬಣ್ಣದ ಜೀನು ಝಡ್ ಮೇಲಿದೆ. ಅಂದರೆ ಗಂಡಿನ ಬಳಿ ಈ ಜೀನಿನ ಎರಡು ಪ್ರತಿ, ಹೆಣ್ಣಿನ ಬಳಿ ಒಂದೇ. ಹೆಣ್ಣು ಬೆಳವ ಈ ಜೀನಿನಲ್ಲಿ ಏನನ್ನೂ ಬಚ್ಚಿಡಲಾರದು: ಕೆನೆಬಣ್ಣದ ಹೆಣ್ಣಿನಲ್ಲಿ ಇರುವುದು ಕೆನೆ ಮಾತ್ರ. ಕೆನೆಬಣ್ಣದ ಗಂಡು ಮಾತ್ರ ಒಳಗೊಳಗೆ ಬಿಳಿಯನ್ನು ಹೊತ್ತಿರಬಹುದು. ಹೆಣ್ಣುಮರಿಗೆ ಝಡ್ ಬರುವುದು ಅಪ್ಪನಿಂದ ಮಾತ್ರ, ಆದ್ದರಿಂದ ಅವಳ ಬಣ್ಣ ಅಪ್ಪ ಕೊಟ್ಟದ್ದು.

ಈಗ ಕೆನೆಬಣ್ಣದ ಜೋಡಿಗೆ ಹುಟ್ಟಿದ ಬಿಳಿ ಮರಿಯನ್ನು ನೋಡಿ. ಅದಕ್ಕೆ ಬಿಳಿ ಬಂದದ್ದು ಅಪ್ಪನಿಂದ, ಅಮ್ಮನ ಕೆನೆಯ ಪ್ರತಿ ಅದಕ್ಕೆ ಬಂದಿಲ್ಲ. ಹಾಗಾದರೆ ಅದು ಹೆಣ್ಣೇ ಆಗಿರಬೇಕು. ಬೆಳವದಲ್ಲಿ ಗಂಡು ಹೆಣ್ಣು ನೋಟಕ್ಕೆ ಒಂದೇ ಥರ. ಸಾಕುವವರು ಕೂಗು, ನಡಿಗೆ, ಸೊಂಟದ ಎಲುಬು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ ಬಣ್ಣವೇ ಲಿಂಗವನ್ನು ಹೇಳಿಬಿಟ್ಟಿತು. ಇದಕ್ಕಿಂತ ಚೆನ್ನಾದ ಜೋಡಿ ಇನ್ನೊಂದಿದೆ. ಬಿಳಿ ಗಂಡಿಗೆ ಕಡುಬಣ್ಣದ ಹೆಣ್ಣನ್ನು ಜೊತೆ ಮಾಡಿ. ಹೆಣ್ಣುಮರಿಗಳೆಲ್ಲ ಅಪ್ಪನ ಹಾಗೆ ಬಿಳಿ, ಗಂಡುಮರಿಗಳೆಲ್ಲ ಅಮ್ಮನ ಹಾಗೆ ಕಡುಬಣ್ಣ. ಮೊಟ್ಟೆಯೊಡೆದ ದಿನವೇ, ಚರ್ಮದ ಬಣ್ಣ ನೋಡಿಯೇ ಯಾವುದು ಯಾವುದೆಂದು ಹೇಳಬಹುದು. ಅದೇ ಜೋಡಿಯನ್ನು ತಿರುಗಿಸಿ, ಶುದ್ಧ ಕಡುಬಣ್ಣದ ಗಂಡಿಗೆ ಬಿಳಿ ಹೆಣ್ಣು ಹಾಕಿದರೆ ಮರಿಗಳೆಲ್ಲ ಕಡುಬಣ್ಣ. ‘ಬಿಳಿ ಹೆಣ್ಣು ತಂದೆ, ಒಂದು ಮರಿಯೂ ಬಿಳಿಯಾಗಲಿಲ್ಲ, ನನಗೆ ಮೋಸವಾಯಿತು’ ಎಂದು ಕೊರಗುವವರಿದ್ದಾರೆ. ಯಾರೂ ಮೋಸ ಮಾಡಿಲ್ಲ. ಆ ಗಂಡುಮರಿಗಳ ಒಳಗೆ ಬಿಳಿ ಕೂತಿದೆ, ಮುಂದಿನ ತಲೆಮಾರಿನ ಹೆಣ್ಣುಗಳಲ್ಲಿ ಅದು ಹೊರಗೆ ಬರುತ್ತದೆ.

ತಪ್ಪು ಕಲ್ಪನೆ: ಎಲ್ಲವೂ ತಿಳಿಬಣ್ಣ ಇರುವ ಗೂಡಿನಲ್ಲಿ ಒಂದು ಕಡುಬಣ್ಣದ ಹಕ್ಕಿ ಬಂದರೆ ಅದೇ ಅಪರೂಪದ್ದು

ವಾಸ್ತವ: ಕಡುಬಣ್ಣ ಮೂಲದ ಬಣ್ಣ. ಮಾರುಕಟ್ಟೆಯಲ್ಲಿ ಕೆನೆ ಮತ್ತು ಬಿಳಿಗೆ ಬೇಡಿಕೆ ಇದ್ದುದರಿಂದ ಗೂಡುಗಳಲ್ಲಿ ಅದು ಕಡಿಮೆಯಾಗಿದೆ, ಅಷ್ಟೆ. ಚುಕ್ಕೆ ಬೆಳವದ ಜೊತೆ ಕೂಡಿ ಹುಟ್ಟಿದ ಮಿಶ್ರತಳಿ ಎಂದು ಅದಕ್ಕೆ ಕತೆ ಕಟ್ಟುವುದೂ ಬೇಡ. ರೆಕ್ಕೆಯಲ್ಲಿ ಚುಕ್ಕೆ ಇಲ್ಲ, ಕತ್ತಿನಲ್ಲಿ ಉಂಗುರ ಸರಿಯಾಗಿದೆ ಎಂದಾದರೆ ಅದು ಪೂರ್ವಜರ ಬಣ್ಣದ ಸಾಕುಬೆಳವವೇ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅಪರೂಪದ ತಳಿಯ ಗುಟ್ಟು ಇರುವುದೂ ಇಲ್ಲೇ. ಕೆನೆಬಣ್ಣ ಕಡುಬಣ್ಣವನ್ನು ಮುಚ್ಚಲಾರದು. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ನಿಜವಾದ ಬ್ಲಾಂಡ್ ಆಗಿದ್ದರೆ ಕಡುಬಣ್ಣದ ಮರಿ ಹುಟ್ಟಲು ಸಾಧ್ಯವೇ ಇಲ್ಲ. ಹುಟ್ಟಿತು ಎಂದಾದರೆ ಎರಡರಲ್ಲಿ ಒಂದು: ಒಂದೋ ಅದೇ ಗೂಡಿನ ಬೇರೆ ಗಂಡು ಸೇರಿದೆ, ಇಲ್ಲವೇ ಜೋಡಿಯಲ್ಲಿ ಒಂದು ಹಕ್ಕಿ ಬ್ಲಾಂಡ್ ಅಲ್ಲವೇ ಅಲ್ಲ. ಅದು ಬೇರೆ ಯಾವುದೋ ಜೀನಿನಿಂದ ತಿಳಿಯಾದ ಹಕ್ಕಿ, ಬ್ಲಾಂಡಿನಂತೆ ಕಂಡಿದೆ ಅಷ್ಟೆ. ಎರಡು ಬೇರೆ ಬೇರೆ ಅಪ್ರಬಲ (ಮೂಲ ಬಣ್ಣದ ಜೀನು ಜೊತೆಗಿದ್ದರೆ ಮರೆಯಾಗುವ) ಜೀನುಗಳಿಂದ ತಿಳಿಯಾದ ಹಕ್ಕಿಗಳು ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಮರಿಗೆ ಪೂರ್ವಜರ ಬಣ್ಣ ಮರಳಬಹುದು. ಎರಡೂ ಒಂದೇ ಜೀನಿನವಾದರೆ ಮರಿಗಳೂ ತಿಳಿಯಾಗಿಯೇ ಉಳಿಯುತ್ತವೆ.

ಜೋಡಿಯನ್ನು ಪ್ರತ್ಯೇಕ ಗೂಡಿನಲ್ಲಿಟ್ಟು ಇದನ್ನು ಖಚಿತಪಡಿಸಿಕೊಂಡವರಿಗೆ ಮಾತ್ರ ‘ನನ್ನ ಬಳಿ ಬೇರೆ ತಳಿ ಇದೆ’ ಎನ್ನುವ ಹಕ್ಕಿದೆ. ಅಂದರೆ ಅಪರೂಪದ ಹಕ್ಕಿ ಗೂಡಿನಲ್ಲಿ ಎದ್ದು ಕಾಣುವ ಹಕ್ಕಿಯಾಗಿರಬೇಕೆಂದಿಲ್ಲ. ಎಲ್ಲರಂತೆ ಕಾಣುವ ಒಂದು ಕೆನೆಬಣ್ಣದ ಹಕ್ಕಿಯೇ ಅದಾಗಿರಬಹುದು.

ಇದಕ್ಕೆ ಬೇಕಾದದ್ದು ತಾಳ್ಮೆ. ಬೆಳವ ಒಂದು ಸಲಕ್ಕೆ ಇಡುವುದು ಎರಡು ಮೊಟ್ಟೆ, ಕಾವು ಸುಮಾರು ಹದಿನಾಲ್ಕು ದಿನ. ಎರಡು ಮರಿ ನೋಡಿ ಏನನ್ನೂ ಹೇಳಲಾಗದು, ನಾಲ್ಕೈದು ಸಲ ಮರಿ ಮಾಡಿಸಬೇಕು. ಪ್ರತಿ ಮರಿಯ ಕಾಲಿಗೊಂದು ಉಂಗುರ, ಒಂದು ನೋಟ್‌ಬುಕ್ಕು, ಅದರಲ್ಲಿ ತಾರೀಖು, ಅಪ್ಪ ಅಮ್ಮನ ಉಂಗುರ ಸಂಖ್ಯೆ, ಹುಟ್ಟಿದಾಗ ಚರ್ಮದ ಬಣ್ಣ, ಮೊದಲ ಗರಿಯ ಬಣ್ಣ, ಗರಿ ಕಳಚಿದ ಮೇಲಿನ ಬಣ್ಣ.

ತಪ್ಪು ಕಲ್ಪನೆ: ಕತ್ತಿನಲ್ಲಿ ಉಂಗುರವಿಲ್ಲದ್ದು ವಿಶೇಷ ತಳಿ

ವಾಸ್ತವ: ಹೆಚ್ಚಿನ ಸಲ ಅದು ಮರಿ. ಎಳೆಯ ಬೆಳವಕ್ಕೆ ಉಂಗುರ ಇರುವುದಿಲ್ಲ, ಇದ್ದರೂ ಮಸುಕು. ಮೊದಲ ಗರಿ ಕಳಚಿ ಹೊಸ ಗರಿ ಬಂದಾಗ ಅದು ಮೂಡುತ್ತದೆ. ನಾಲ್ಕು ತಿಂಗಳು ಕಾಯಿರಿ.

ತಪ್ಪು ಕಲ್ಪನೆ: ಮೈಮೇಲೆ ಬಿಳಿ ಗರಿ ಕಂಡರೆ ಪೈಡ್

ವಾಸ್ತವ: ಪೈಡ್ ಎಂಬ ತಳಿ ಇದೆ, ಅದೊಂದು ಅಪ್ರಬಲ ಜೀನಿನ ಫಲ, ಬಿಳಿ ಮಚ್ಚೆಗಳ ಹರವು ಹಕ್ಕಿಯಿಂದ ಹಕ್ಕಿಗೆ ಬೇರೆ. ಆದರೆ ಬಿಳಿ ಗರಿ ಬರಲು ಬೇರೆ ದಾರಿಗಳೂ ಇವೆ. ಗಾಯವಾದ ಜಾಗದಲ್ಲಿ, ಜೊತೆಯ ಹಕ್ಕಿ ಕುಕ್ಕಿ ಗರಿ ಕಿತ್ತ ಜಾಗದಲ್ಲಿ ಮತ್ತೆ ಬರುವ ಗರಿ ಬಿಳಿಯಾಗಬಹುದು. ಗರಿ ಬೆಳೆಯುವ ಸಮಯದಲ್ಲಿ ಆಹಾರದಲ್ಲಿ ಕೊರತೆಯಾದರೂ ಬಣ್ಣ ಕೆಡುತ್ತದೆ. ಲೈಸಿನ್ ಎಂಬ ಅಮೈನೋ ಆಮ್ಲ ಸಾಲದ ಮೇವು ತಿಂದ ಕಂಚುಬಣ್ಣದ ಟರ್ಕಿ ಕೋಳಿಮರಿಗಳ ರೆಕ್ಕೆಯಲ್ಲಿ ಬಿಳಿ ಪಟ್ಟಿ ಮೂಡುವುದು ಕೋಳಿ ಸಾಕಣೆಯವರಿಗೆ ಬಹಳ ಹಿಂದೆಯೇ ಗೊತ್ತಾದ ವಿಷಯ. ಬರೀ ಸಜ್ಜೆ, ನವಣೆ, ಅಕ್ಕಿನುಚ್ಚು ತಿನ್ನಿಸಿದರೆ ಲೈಸಿನ್ ಸಾಲದು. ಹೆಸರು, ಬಟಾಣಿ, ಕಡಲೆಯಂಥ ಬೇಳೆಕಾಳು ಜೊತೆಗಿರಬೇಕು.

ಬೇರ್ಪಡಿಸುವುದು ಹೇಗೆ? ಮೇವು ಸರಿಪಡಿಸಿ, ಮುಂದಿನ ಗರಿ ಕಳಚುವ ಕಾಲದವರೆಗೆ ಬಿಡಿ. ಕೊರತೆಯ ಬಿಳುಪು ಹೊಸ ಗರಿಯೊಂದಿಗೆ ಹೋಗುತ್ತದೆ, ಪೈಡ್ ಹೋಗುವುದಿಲ್ಲ. ಪರೀಕ್ಷೆ ಮಾಡಲೆಂದು ಗರಿ ಕಿತ್ತು ನೋಡುವ ಅಭ್ಯಾಸ ಕೆಲವರಲ್ಲಿದೆ. ಅದು ಹಕ್ಕಿಗೆ ಹಿಂಸೆ, ನಿಮಗೂ ಉಪಯೋಗವಿಲ್ಲ. ಕಿತ್ತ ಜಾಗದಲ್ಲಿ ಬರುವ ಬಿಳಿ ಗರಿಯೇ ನಿಮ್ಮನ್ನು ಇನ್ನಷ್ಟು ದಾರಿ ತಪ್ಪಿಸುತ್ತದೆ.

ತಪ್ಪು ಕಲ್ಪನೆ: ಲವ್‌ಬರ್ಡ್ಸ್‌ನಲ್ಲಿ ಹಸಿರು, ನೀಲಿ, ಹಳದಿ ಇರುವ ಹಾಗೆ ಬೆಳವದಲ್ಲೂ ಬರಬಹುದು

ವಾಸ್ತವ: ಬರುವುದಿಲ್ಲ. ಗಿಳಿ ಜಾತಿಯ ಹಕ್ಕಿಗಳು ಗರಿಗೆ ಬೇಕಾದ ಹಳದಿ, ಕೆಂಪು ವರ್ಣದ್ರವ್ಯವನ್ನು ತಾವೇ ತಯಾರಿಸುತ್ತವೆ. ಅದರ ಜೊತೆ ಗರಿಯ ಸೂಕ್ಷ್ಮ ರಚನೆಯ ನೀಲಿ ಸೇರಿ ಹಸಿರಾಗುತ್ತದೆ. ಸಾಕುಬೆಳವದ ಗರಿಯಲ್ಲಿ ಇರುವುದು ಮೆಲನಿನ್ ಒಂದೇ. ಅದರ ಒಂದು ಬಗೆ ಕಪ್ಪು ಬೂದುಗಳನ್ನು ಕೊಡುತ್ತದೆ, ಇನ್ನೊಂದು ಬಗೆ ಕೆಂಗಂದನ್ನು. ಅವೆರಡರ ಹೆಚ್ಚು ಕಡಿಮೆಯಲ್ಲೇ ಇದರ ಎಲ್ಲ ಬಣ್ಣಗಳೂ ಹುಟ್ಟಬೇಕು. ಟ್ಯಾಂಜರಿನ್, ಪೀಚ್, ರೋಸಿ ಎಂಬ ಹೆಸರುಗಳು ಹಣ್ಣು ಹೂವಿನ ಗಾಢ ಬಣ್ಣವನ್ನು ನೆನಪಿಸಿದರೂ ಹಕ್ಕಿಯ ಮೈಮೇಲೆ ಇರುವುದು ಕಂದಿನ ಒಂದೊಂದು ಛಾಯೆ.

ಉತ್ಸವಗಳಲ್ಲಿ, ಸಂತೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದ ಕೋಳಿಮರಿ ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಗುಲಾಬಿ ಬೆಳವವೂ ಬಣ್ಣದ ಡಬ್ಬಿಯಿಂದ ಬಂದದ್ದೇ. ಒದ್ದೆ ಹತ್ತಿಯಿಂದ ರೆಕ್ಕೆಯ ಒಳಭಾಗ ಒರೆಸಿ ನೋಡಿ. ಹತ್ತಿಗೆ ಹತ್ತದಿದ್ದರೆ ಗರಿಯ ಬುಡ ನೋಡಿ: ಆಮೇಲೆ ಬೆಳೆದ ಭಾಗ ಬಿಳಿಯಾಗಿರುತ್ತದೆ. ಆ ಬಣ್ಣವನ್ನು ಹಕ್ಕಿ ಗರಿ ನೀವಿಕೊಳ್ಳುವಾಗಲೆಲ್ಲ ಕೊಕ್ಕಿನಿಂದ ನುಂಗುತ್ತಿರುತ್ತದೆ. ಕೊಳ್ಳುವವರು ಇದ್ದಾರೆಂಬ ಕಾರಣಕ್ಕೇ ಈ ಕ್ರೌರ್ಯ ನಡೆಯುತ್ತಿದೆ, ದಯವಿಟ್ಟು ಕೊಳ್ಳಬೇಡಿ.

ತಪ್ಪು ಕಲ್ಪನೆ: ರೇಷ್ಮೆ ಗರಿಯ ಬೆಳವ ಎಲ್ಲಕ್ಕಿಂತ ಶ್ರೇಷ್ಠ ತಳಿ

ವಾಸ್ತವ: ಸಿಲ್ಕಿ ಎಂದು ಕರೆಯುವ ಈ ಹಕ್ಕಿ ಬಣ್ಣದ ತಳಿಯಲ್ಲ, ಗರಿಯ ರಚನೆಯ ದೋಷ. ಸಾಮಾನ್ಯ ಗರಿಯ ಎಳೆಗಳನ್ನು ಅತಿ ಸಣ್ಣ ಕೊಕ್ಕೆಗಳು ಒಂದಕ್ಕೊಂದು ಹಿಡಿದಿಡುತ್ತವೆ. ಸಿಲ್ಕಿಯಲ್ಲಿ ಆ ಕೊಕ್ಕೆಗಳು ಕೆಲಸ ಮಾಡುವುದಿಲ್ಲ, ಗರಿ ಬಿಡಿ ಬಿಡಿ ನೂಲಾಗಿ ಇಳಿಬೀಳುತ್ತದೆ. ಚಂದ ಕಾಣುತ್ತದೆ, ನಿಜ. ಆದರೆ ಹಾರಲು ಬರುವುದಿಲ್ಲ, ಮಳೆನೀರು ಮೈಗೆ ಇಳಿಯದಂತೆ ತಡೆಯಲಾಗುವುದಿಲ್ಲ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನ್ ಜುಲೈ ತಿಂಗಳ ಗಾಳಿಮಳೆಗೆ ಟೆರೇಸಿನ ತೆರೆದ ಗೂಡಿನಲ್ಲಿ ಸಿಲ್ಕಿಯನ್ನು ಇಡುವುದೆಂದರೆ ಅದನ್ನು ಚಳಿಗೆ ಒಪ್ಪಿಸಿದಂತೆ. ಈ ಜೀನು ಪ್ರಬಲವಾದದ್ದು, ಒಂದು ಪ್ರತಿ ಇದ್ದರೇ ಗರಿ ಹೀಗಾಗುತ್ತದೆ. ಎರಡು ಸಿಲ್ಕಿಗಳನ್ನು ಜೋಡಿ ಹಾಕಿದರೆ ಎರಡು ಪ್ರತಿ ಪಡೆದ ಮರಿಗಳು ಗರಿ ಇನ್ನೂ ಹಾಳಾಗಿ ಅರೆಬರೆ ಬೋಳಾಗಿರುತ್ತವೆ. ಇಂಥ ಜೋಡಿ ಹಾಕಲೇಬಾರದು.

ತಲೆಯ ಮೇಲೆ ಜುಟ್ಟಿರುವ ಬೆಳವದ ಮಾತು ಬೇರೆ. ಅದರಿಂದ ಹಕ್ಕಿಗೆ ತೊಂದರೆಯಿಲ್ಲ, ಅದರ ಹಿಂದೆ ಒಂದು ಬೆರಗಿನ ಸಂಗತಿಯೂ ಇದೆ. ಪಾರಿವಾಳದ ಜುಟ್ಟಿಗೆ ಇಪಿಎಚ್‌ಬಿ2 ಎಂಬ ಜೀನಿನ ಬದಲಾವಣೆ ಕಾರಣ ಎಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕೆಲ್ ಶಪೀರೋ ತಂಡ 2013ರಲ್ಲಿ ತೋರಿಸಿತು. 2015ರಲ್ಲಿ ಅದೇ ತಂಡ ಸಾಕುಬೆಳವದ ಜುಟ್ಟನ್ನು ಪರೀಕ್ಷಿಸಿದಾಗ ಅಲ್ಲೂ ಬದಲಾಗಿದ್ದದ್ದು ಅದೇ ಜೀನು, ಆದರೆ ಬದಲಾದ ಜಾಗ ಬೇರೆ. ಪಾರಿವಾಳದಿಂದ ಬೆಳವಕ್ಕೆ ಜುಟ್ಟು ಬಂದಿಲ್ಲ. ಎರಡೂ ತಮ್ಮ ತಮ್ಮ ದಾರಿಯಲ್ಲಿ ಅದನ್ನು ಪಡೆದಿವೆ. ‘ಜುಟ್ಟಿದೆ, ಹಾಗಾಗಿ ಇದು ಪಾರಿವಾಳ ಬೆಳವಗಳ ಮಿಶ್ರತಳಿ’ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಪಾರಿವಾಳ ಬೆಳವಗಳ ಮಿಶ್ರ ಮರಿಗಳನ್ನು ಪ್ರಯೋಗಾಲಯಗಳಲ್ಲಿ ಪಡೆದಿದ್ದಾರೆ, ಆದರೆ ಅವು ಹೆಚ್ಚಾಗಿ ಗಂಡು, ಸಂತಾನ ಶಕ್ತಿ ಇಲ್ಲದವು. ಅವುಗಳಿಂದ ತಳಿ ಬೆಳೆಯುವುದಿಲ್ಲ.

ತಪ್ಪು ಕಲ್ಪನೆ: ಸಿಲ್ವರ್ ಡೈಮಂಡ್ ಡವ್ ರಿಂಗ್‌ನೆಕ್ಕಿನ ಕುಳ್ಳ ತಳಿ

ವಾಸ್ತವ: ಅದು ಆಸ್ಟ್ರೇಲಿಯಾದ ಬೇರೆಯೇ ಜಾತಿ, ಉದ್ದ ಸುಮಾರು 20 ಸೆಂ.ಮೀ. ರೆಕ್ಕೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು, ಕಣ್ಣಿನ ಸುತ್ತ ಕೆಂಪು ಬಳೆ. ಗಂಡಿನಲ್ಲಿ ಆ ಬಳೆ ದಪ್ಪ. ಅದರ ಮೂಲ ಬಣ್ಣ ಕಡುಬೂದು, ಸಿಲ್ವರ್ ಅದರ ಅಪ್ರಬಲ ರೂಪ. ಈಗ ಎಲ್ಲ ಅಂಗಡಿಗಳಲ್ಲೂ ಸಿಗುವಷ್ಟು ಸಾಮಾನ್ಯ.

ತಪ್ಪು ಕಲ್ಪನೆ: ಅಪರೂಪದ ಬಣ್ಣ ಉಳಿಸಲು ಅಣ್ಣತಂಗಿಯನ್ನೇ ಜೋಡಿ ಹಾಕಬೇಕು

ವಾಸ್ತವ: ಬಣ್ಣ ಉಳಿಯಬಹುದು, ಹಕ್ಕಿ ಉಳಿಯುವುದು ಕಷ್ಟ. ಹತ್ತಿರದ ರಕ್ತಸಂಬಂಧದಲ್ಲಿ ಬಣ್ಣದ ಅಪ್ರಬಲ ಜೀನು ಎರಡಾಗಿ ಸೇರುವಂತೆಯೇ ರೋಗದ, ದೌರ್ಬಲ್ಯದ ಜೀನುಗಳೂ ಎರಡಾಗಿ ಸೇರುತ್ತವೆ. ಒಡೆಯದ ಮೊಟ್ಟೆ, ಗೂಡಿನಲ್ಲೇ ಸಾಯುವ ಮರಿ, ತಿರುಚಿದ ಕಾಲು ಕಾಣಿಸತೊಡಗುತ್ತವೆ. ಸರಿಯಾದ ದಾರಿ ಸ್ವಲ್ಪ ಉದ್ದ: ಅಪರೂಪದ ಹಕ್ಕಿಯನ್ನು ಸಂಬಂಧವಿಲ್ಲದ ಆರೋಗ್ಯವಂತ ಕಡುಬಣ್ಣದ ಹಕ್ಕಿಗಳೊಡನೆ ಬೇರೆ ಬೇರೆಯಾಗಿ ಜೋಡಿ ಮಾಡಿ, ಆ ಎರಡು ಕುಟುಂಬಗಳ ಮರಿಗಳನ್ನು ಪರಸ್ಪರ ಕೂಡಿಸುವುದು. ಮೊದಲ ತಲೆಮಾರಿನಲ್ಲಿ ಬಣ್ಣ ಮರೆಯಾದೀತು. ಜೀನು ಕಳೆದುಹೋಗುವುದಿಲ್ಲ.

ತಪ್ಪು ಕಲ್ಪನೆ: ಬೇಡವಾದ ಬಣ್ಣದ ಮರಿಗಳನ್ನು ಹಾರಿಬಿಟ್ಟರೆ ಪುಣ್ಯ

ವಾಸ್ತವ: ಸಮಾರಂಭಗಳಲ್ಲಿ ಶಾಂತಿಯ ಸಂಕೇತವೆಂದು ಬಿಳಿ ಹಕ್ಕಿ ಹಾರಿಸುವವರಿಗೂ ಇದನ್ನು ಹೇಳಬೇಕು. ಮನೆಗೆ ಮರಳುವ ಶಕ್ತಿ ಇರುವುದು ತರಬೇತಾದ ಬಿಳಿ ಪಾರಿವಾಳಕ್ಕೆ, ಬೆಳವಕ್ಕಲ್ಲ. ಗೂಡಿನಲ್ಲಿ ಹುಟ್ಟಿ ಬಟ್ಟಲಿನ ಕಾಳು ತಿಂದು ಬೆಳೆದ ಬೆಳವಕ್ಕೆ ಹೊರಗೆ ಆಹಾರ ಹುಡುಕಲು ಬಾರದು, ಗಿಡುಗ ಬಂದರೆ ಎಲ್ಲಿ ಅಡಗಬೇಕೆಂದು ತಿಳಿಯದು. ಬಿಳಿ ಮೈ ದೂರದಿಂದಲೇ ಕಾಣುತ್ತದೆ. ಕಾಗೆ, ಬೆಕ್ಕು, ಶಿಕ್ರಾ, ಇವುಗಳಲ್ಲಿ ಒಂದರ ಬಾಯಿಗೆ ಅದು ಬೀಳುವುದು ಹೆಚ್ಚುಕಡಿಮೆ ಖಚಿತ. ಬೇಡವಾದ ಮರಿಗಳನ್ನು ಸಾಕುವವರಿಗೆ ಕೊಡಿ, ಇಲ್ಲವೇ ಮೊಟ್ಟೆ ಇಟ್ಟ ಕೂಡಲೇ ತೆಗೆದು ಮರದ ಮೊಟ್ಟೆ ಇಡಿ. ಹಕ್ಕಿ ಕೆಲವು ದಿನ ಕಾವು ಕೂತು ತಾನಾಗಿ ಏಳುತ್ತದೆ.

ತಪ್ಪು ಕಲ್ಪನೆ: ತೋಟದಲ್ಲಿ ಕಂಡ ಬಿಳಿ ಚುಕ್ಕೆ ಬೆಳವವನ್ನು ಹಿಡಿದು ತಳಿ ಮಾಡಬಹುದು

ವಾಸ್ತವ: ಕಾಡುಬೆಳವದಲ್ಲೂ ಅಪರೂಪಕ್ಕೆ ಪೂರ್ತಿ ಬಿಳಿಯೋ, ಅಲ್ಲಲ್ಲಿ ಬಿಳಿಯೋ, ಮಾಸಿದ ಕಂದೋ ಆದ ಹಕ್ಕಿ ಕಾಣುತ್ತದೆ. ಹಿಡಿದರೆ ಅಪರಾಧ, ಬಣ್ಣ ಯಾವುದಾದರೂ ಕಾನೂನು ಒಂದೇ. ಅದನ್ನು ನಿಜವಾಗಿ ಬೆಲೆಯುಳ್ಳದ್ದಾಗಿ ಮಾಡುವ ದಾರಿ ದಾಖಲೆ. 2015ರಿಂದ 2020ರವರೆಗೆ ಕೇರಳದ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಊರೂರು ಸುತ್ತಿ ರಾಜ್ಯದ ಪಕ್ಷಿ ಭೂಪಟ ತಯಾರಿಸಿದರು, ಕಾಸರಗೋಡು ಜಿಲ್ಲೆಯೂ ಅದರಲ್ಲಿದೆ. ಆ ಕೆಲಸಕ್ಕೆ ಬಳಸಿದ, ಹಕ್ಕಿ ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣ ಈಗಲೂ ಎಲ್ಲರಿಗೂ ತೆರೆದಿದೆ. ತೋಟದಲ್ಲಿ ಅಂಥ ಹಕ್ಕಿ ಕಂಡರೆ ದೂರದಿಂದಲೇ ಫೋಟೋ ತೆಗೆಯಿರಿ: ಬದಿಯಿಂದ ಒಂದು, ಕತ್ತಿನ ಹಿಂಭಾಗ ಕಾಣುವಂತೆ ಒಂದು, ಬಾಲ ಬಿಚ್ಚಿದಾಗ ಒಂದು. ಕೂಗಿದರೆ ಫೋನಿನಲ್ಲಿ ಸದ್ದು ಹಿಡಿಯಿರಿ. ಕಣ್ಣಿನ ಬಣ್ಣ, ಜಾಗ, ತಾರೀಖು, ಹೊತ್ತು ಬರೆದು ಏರಿಸಿ. ಮರುವರ್ಷವೂ ಅದೇ ತೋಟದಲ್ಲಿ ಅದು ಕಂಡರೆ ಮತ್ತೆ ಬರೆಯಿರಿ, ಜೊತೆಗೆ ಮರಿ ಇದ್ದರೆ ಅದರ ಬಣ್ಣವನ್ನೂ.